ಲಗ್ನ ಆಗುವ ತನಕ

ಬೈಲಹೊಂಗಲ
ಸೋಮವಾರ, ೧೪ ಜುಲೈ ೨೦೨೫

ನನ್ನ ಕೂಸು ಶೀತಲಾಗೆ ಅವ್ವನ ಆಶೀರ್ವಾದ, ಅದರ ಬೆನ್ನಿಗೇ ನಾಲ್ಕು ಬೈಗುಳ.

ಇಲ್ಲಿ ಎಲ್ಲರೂ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ರೂಢಿ. ನಾನು ನಂಬಿಲ್ಲ. ಧಾರವಾಡದಲ್ಲಿ ನಿನ್ನ ಜೊತೆ ಖೋಲಿಯಲ್ಲಿರುವ ಪ್ರಜ್ಞಾ ಫೋನ್ ಮಾಡಿ ಎಲ್ಲ ಹೇಳಿದ್ದಾಳೆ. ಡಾಕ್ಟರು ದಿನಾ ತಗೋ ಎಂದ ಹಾರ್ಮೋನ್ ಗುಳಿಗೆಯನ್ನು ನೀನು ದುಡ್ಡು ಸಾಲದೆ ದಿನ ಬಿಟ್ಟು ದಿನ ನುಂಗುತ್ತೀಯಂತೆ. ತಿಂಗಳ ಕೊನೆಗೆ ಅದೂ ಇಲ್ಲವಂತೆ. ರಕ್ತ ಪರೀಕ್ಷೆಗೆ ಹೋಗಿಯೇ ಇಲ್ಲವಂತೆ. ಹೊಲಿಗೆ ಅಂಗಡಿಯಲ್ಲಿ ಯಾರದೋ ಜಂಪರು ಹೊಲಿಯುತ್ತ ಸುಮ್ಮಸುಮ್ಮನೆ ಕಣ್ಣೀರು ಹಾಕುತ್ತೀಯಂತೆ. ನಾನು ಕೇಳಿದಾಗಲೆಲ್ಲ "ಆರಾಮ ಅದೀನಿ ಯವ್ವಾ" ಅನ್ನುತ್ತಿದ್ದೆಯಲ್ಲೇ, ಸುಳ್ಳಿ! ಹೋದ ವರ್ಷ ಗುಳಿಗೆ ಬಿಟ್ಟಾಗ ಕನ್ನಡಿ ನೋಡಲಿಕ್ಕೂ ಮನಸ್ಸಿಲ್ಲದೆ ಮುಸುಕು ಹಾಕಿ ಮಲಗಿದ್ದು ಮರೆತೆಯಾ? ನಾನು ಮರೆತಿಲ್ಲ. ಆಗ ನೀನು ನನ್ನ ಕೈ ಬಿಟ್ಟು ಹೋದೀಯೆಂದೇ ಹೆದರಿದ್ದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮಪ್ಪನ ಮಾತು ಬಂದ ಕೂಡಲೇ ನೀನು ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಅದಕ್ಕೇ ಏಳನೇ ಇಯತ್ತೆ ಪಾಸಾದ ನಿನ್ನವ್ವ ಪೆನ್ನು ಹಿಡಿದಿದ್ದಾಳೆ, ತೆಪ್ಪಗೆ ಕುಳಿತು ಓದು.

ನಿಮ್ಮಪ್ಪನ ಸಕ್ಕರೆ ಕಾರ್ಖಾನೆಯಲ್ಲಿ ಆರೋಗ್ಯ ವಿಮೆ ಬದಲಾಗಿದೆ. ಮೊದಲು ದವಾಖಾನೆಯಲ್ಲಿ ಮಲಗಿದರಷ್ಟೇ ಕೊಡುತ್ತಿದ್ದರು. ಈ ವರ್ಷದಿಂದ ಡಾಕ್ಟರು ಬರೆದುಕೊಟ್ಟ ಹಾರ್ಮೋನ್ ಔಷಧಕ್ಕೂ, ಅದರ ಪರೀಕ್ಷೆಗೂ ಕೊಡುತ್ತಾರೆ. ಬಾಜೂ ಮನೆಯ ಕೃಷ್ಣವ್ವ ಹೇಳಿದಳು. ಅವಳ ಗಂಡನೂ ಅದೇ ಕಾರ್ಖಾನೆಯಲ್ಲಿ ಇದ್ದಾನೆ. ಗರ್ಭಚೀಲ ತೆಗೆಸಿಕೊಂಡ ಮೇಲೆ ಮೈಯೆಲ್ಲ ಉರಿ ಹೊಡೆದು ಒದ್ದಾಡುತ್ತಿದ್ದಳಲ್ಲ, ಈಗ ಅವಳೂ ಹಾರ್ಮೋನ್ ಗುಳಿಗೆಯನ್ನೇ ನುಂಗುತ್ತಾಳೆ. "ಅಡಗಿಗೆ ಉಪ್ಪ ಇದ್ದಂಗ ನೋಡವ್ವಾ, ಕಡಿಮಿ ಬಿದ್ರ ಹಾಕಬೇಕು, ಅದರಾಗೇನ ಬಂತು" ಅಂದಳು. ನಿನ್ನ ಸುದ್ದಿ ಅವಳಿಗೆ ಗೊತ್ತು. ಗೊತ್ತಿದ್ದೇ ಹೇಳಿದಳು.

ನಾನು ಕಾರ್ಖಾನೆಯ ಆಫೀಸಿನ ರಾಮಲಿಂಗಪ್ಪನವರಿಗೆ ಫೋನ್ ಹಚ್ಚಿ, ಮಕ್ಕಳಿಗೆ ಈ ವಿಮೆ ಎಷ್ಟು ವಯಸ್ಸಿನ ತನಕ ಎಂದು ಯಾರ ಹೆಸರೂ ಹೇಳದೆ ಕೇಳಿದೆ. "ಗಂಡಮಗ ಆದ್ರ ಇಪ್ಪತ್ತೈದಕ್ಕ ಮುಗೀತ್ರಿ ಅಕ್ಕಾರ. ಹೆಣ್ಣಮಗಳಾದ್ರ ಲಗ್ನ ಆಗೂ ತನಕ ನಡೀತೈತಿ" ಅಂದರು. ನಿನಗೆ ಇಪ್ಪತ್ತೈದು ತುಂಬಿದ ಕೂಡಲೇ, ಗಂಡುಮಗ ಎಂದು ಬರೆಸಿದ್ದ ನಿನ್ನ ಹಳೆಯ ಹೆಸರನ್ನು ತೆಗೆದುಹಾಕಿದ್ದಾರೆ. ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಈಗ ನಿನ್ನ ಹೊಸ ಆಧಾರಿನ ಪ್ರತಿ ಮನೆಯಲ್ಲಿದೆ, ಡಾಕ್ಟರ ಚೀಟಿ ನಿನ್ನ ಹತ್ತಿರ ಇದೆ. ಬೇಕಾಗಿದ್ದದ್ದು ಒಂದೇ. ನಿಮ್ಮಪ್ಪ ತಾವೇ ಆಫೀಸಿಗೆ ಹೋಗಿ, ಶೀತಲಾ ನನ್ನ ಮಗಳು, ಲಗ್ನವಾಗಿಲ್ಲ ಎಂದು ಬರೆದು ಸಹಿ ಹಾಕಬೇಕಿತ್ತು. ಅದೂ ಮೊನ್ನೆಯ ಶನಿವಾರದೊಳಗೆ.

ಯಾರು? ನಿಮ್ಮಪ್ಪ! ನಿನ್ನ ಸುದ್ದಿ ತೆಗೆದರೆ ಗೋಡೆಗೆ ಮುಖ ಮಾಡುವ ಮನುಷ್ಯ!

ಹೋದ ಸೋಮವಾರ ರಾತ್ರಿ ರೊಟ್ಟಿ ಬಡಿಸುತ್ತ ಮಾತು ತೆಗೆದೆ. "ಅಷ್ಟ ಮಂದಿ ಮುಂದ ನಾ ಏನಂತ ಹೇಳ್ಲಿ? ಮಗಾ ಹೋಗಿ ಮಗಳಾತು ಅಂತ ಹೇಳ್ಲೇನು?" ಅಂದರು. "ಹೇಳ್ರಿ, ಕದ್ದೇನ ತಂದಿಲ್ಲ" ಅಂದೆ. "ಮಂದಿ ಏನಂದಾರು" ಅಂದರು. "ಮಂದಿ ಬಂದು ಆಕಿಗೆ ಗುಳಗಿ ತಂದ ಕೊಡತಾರೇನ್ರಿ?" ಅಂದೆ. ಅರ್ಧ ರೊಟ್ಟಿ ಬಿಟ್ಟು, ತಾಟಿನಲ್ಲೇ ಕೈ ತೊಳೆದು ಎದ್ದರು. ನನಗೂ ಸಿಟ್ಟು ನೆತ್ತಿಗೇರಿತು. ಉಳಿದ ಅರ್ಧ ರೊಟ್ಟಿಯನ್ನು ಎಮ್ಮೆಗೆ ಹಾಕಿ ನಾನೂ ಉಪವಾಸ ಬಿದ್ದೆ.

ಮರುದಿನ ಆಷಾಢದ ಗುಳ್ಳವ್ವನ ಮಂಗಳವಾರ. ಓಣಿಯ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಣೆಯ ಮೇಲಿಟ್ಟುಕೊಂಡು, ಹಾಡು ಹೇಳುತ್ತ ನಮ್ಮ ಬಾಗಿಲಿಗೂ ಬಂದರು. ನಾನು ಅವರಿಗೆ ಜೋಳ ಹಾಕುತ್ತಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದ ನಿಮ್ಮಪ್ಪ ಒಮ್ಮೆಲೇ, "ಮಣ್ಣ ಸರೀ ನಾದಿಲ್ಲ, ಮೂಗ ಬಿರಕ ಬಿಟ್ಟೈತಿ ನೋಡು" ಅಂದರು. ಹುಡುಗಿಯರು ಕಿಸಕ್ಕೆಂದರು. ನಾನು ಮಾತ್ರ ಮೊರ ಹಿಡಿದು ನಿಂತಲ್ಲೇ ನಿಂತೆ.

ನಿನಗೆ ನೆನಪಿದೆಯೋ ಇಲ್ಲವೋ, ಆಗ ನೀನಿನ್ನೂ ಸಣ್ಣ ಕೂಸು. ಆಷಾಢಕ್ಕೆ ಮನೋಳಿಗೆ, ನನ್ನ ತವರಿಗೆ ಹೋಗಿದ್ದೆವು. ಮಲಪ್ರಭಾ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಗಂಡುಹುಡುಗರು ಗಾಲಿ ಹೊಡೆಯುತ್ತ ಓಡಿದರೆ ನೀನು ನನ್ನ ಅಣ್ಣನ ಹೆಣ್ಣುಮಕ್ಕಳ ನಡುವೆ ಕುಳಿತು ಗುಳ್ಳವ್ವನ ಮಣ್ಣಿಗಾಗಿ ರಂಪ ಮಾಡುತ್ತಿದ್ದೆ. ನಿಮ್ಮಪ್ಪ ಹೊಳೆಯ ದಂಡೆಗೆ ಹೋಗಿ, ತಮ್ಮ ಬುತ್ತಿಯ ಚೀಲದ ತುಂಬ ಮಣ್ಣು ತಂದರು. ಹರಳು ಆರಿಸಿ, ನೀರು ಚಿಮುಕಿಸಿ, ಹಿಟ್ಟು ನಾದಿದಂತೆ ನಾದಿ ಕೊಟ್ಟರು. ನೀನು ಗುಲಗಂಜಿ ಒತ್ತಿ ಕಣ್ಣು ಮಾಡಿದೆ, ಕುಸುಬಿ ಕಾಳಿನ ಸರ ಹಾಕಿದೆ. ಅಣ್ಣನ ಹೆಂಡತಿ, ನಮ್ಮ ಪದ್ಮವೈನಿ ಸುಮ್ಮನಿರಬೇಕಲ್ಲ, "ಗಂಡಹುಡುಗಗ ಯಾಕ ಬೇಕ್ರಿ ಗುಳ್ಳವ್ವ?" ಅಂದಳು. ನಿಮ್ಮಪ್ಪ ತಲೆ ಎತ್ತದೆ, "ಮಾಡ್ಲಿ ಬಿಡ್ರಿ, ಎಷ್ಟ ಚಂದ ಮೂಗ ತಿದ್ದ್ಯಾನ ನೋಡ್ರಿ" ಅಂದರು. ಅವರ ಮುಖದ ಮೇಲೆ ಎಂಥ ಅಭಿಮಾನ ಇತ್ತು ಅಂತೀ! ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ವೈನಿ ನಕ್ಕಳು.

ಸಂಜೆ ನೀವು ಹುಡುಗಿಯರೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಿ ಉಂಡು ಬಂದಿರಿ. ಬರುವಾಗ ನೀನು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದೆ. ಕೈತುಂಬ ವೈನಿಯ ಮಗಳ ಹಸಿರು ಬಳೆ. ನಾನು ಮಂದಿಗೆ ಹೆದರಿ ತೆಗೆಯಲು ಹೋದರೆ, "ಇರ್ಲಿ ಬಿಡ, ಎಚ್ಚರ ಆದೀತು" ಎಂದು ನನ್ನ ಕೈ ಸರಿಸಿದರು. ಆ ದಿನಗಳು ಎಷ್ಟು ಹಗುರಾಗಿದ್ದವು ಯವ್ವಾ. ಮನೋಳಿಯ ಆ ಓಣಿ, ಆ ಜಿಟಿಜಿಟಿ ಮಳೆ, ಎಲ್ಲ ಕಣ್ಣಿಗೆ ಕಟ್ಟಿದೆ. ಈಗಲೂ ಒಮ್ಮೆ ಹೋಗಿ ಅಲ್ಲೇ ಕುಳಿತುಬಿಡೋಣ ಅನ್ನಿಸುತ್ತದೆ.

ಆಮೇಲೆ ನೀನು ಬೆಳೆದೆ. ಸವದತ್ತಿಯ ಬಂಧುಗಳು ಬಂದು "ಗುಡ್ಡದ ತಾಯಿಗೆ ಜೋಗಪ್ಪ ಮಾಡಿ ಬಿಟ್ಟಬಿಡ್ರಿ" ಎಂದಾಗ ನಿಮ್ಮಪ್ಪ ಚಹಾದ ಕಪ್ಪು ಎಸೆದು ಅವರನ್ನು ಓಡಿಸಿದ್ದನ್ನು ನೀನು ನೋಡಿಲ್ಲ. ಗುಡ್ಡಕ್ಕೆ ನಾನೂ ನಡೆದುಕೊಳ್ಳುವವಳೇ. ಆದರೆ ನನ್ನ ಕೂಸಿಗೆ ನನ್ನ ಮನೆಯೇ ಇರುವಾಗ ಇನ್ನೊಬ್ಬರ ಸಲಹೆ ಯಾಕೆ? ಬಂಧುಗಳಿಗೆ ಅಷ್ಟು ಅಂದ ಮನುಷ್ಯ, ನೀನು ಸೀರೆ ಉಟ್ಟು ಬಂದ ದಿನ ನಿನ್ನನ್ನೇ ಹೊಸ್ತಿಲಾಚೆ ನಿಲ್ಲಿಸಿದರು. ಅದನ್ನು ನಾನು ಮುಚ್ಚಿಡುವುದಿಲ್ಲ. ಆ ದಿನದ ಸಿಟ್ಟು ನನಗೆ ಇನ್ನೂ ಇದೆ.

ಆ ಶನಿವಾರ ನಿಮ್ಮಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ಕಾರ್ಖಾನೆಯಲ್ಲಿ ಈಗ ಮಷೀನು ಬಿಚ್ಚಿ ದುರಸ್ತಿ ಮಾಡುವ ಹಂಗಾಮು, ಮೈಕೈಯೆಲ್ಲ ಎಣ್ಣೆ ಆಗುವ ಫಿಟ್ಟರ್ ಕೆಲಸಕ್ಕೆ ಇಸ್ತ್ರಿ ಅಂಗಿ ಯಾಕೆ ಅಂತ ನಾನು ಕೇಳಲಿಲ್ಲ. ಬಾಯಿ ಬಿಟ್ಟರೆ ಎಲ್ಲಿ ಮನಸ್ಸು ತಿರುಗೀತೋ ಎಂದು ಸೆರಗು ಕಚ್ಚಿ ನಿಂತೆ.

ಸಂಜೆ ರಾಮಲಿಂಗಪ್ಪನವರೇ ಫೋನ್ ಮಾಡಿ ಹೇಳಿದರು. ಆಧಾರ್ ನೋಡಿ ಅವರು ತಿಳಿಯದೆ, "ಸಂಗಪ್ಪಣ್ಣಾ, ನಿಮಗ ಒಬ್ಬಾಂವ ಮಗ ಅಲ್ಲೇನ್ರಿ, ಈಕಿ ಯಾರು?" ಎಂದು ಕೇಳಿಬಿಟ್ಟರಂತೆ. ಆಫೀಸಿನಲ್ಲಿದ್ದವರೆಲ್ಲ ಇತ್ತ ತಿರುಗಿದರಂತೆ. ನಿಮ್ಮಪ್ಪನ ಮೋತಿ ಕೆಂಪಾಯಿತಂತೆ. ಮೇಜಿನ ಮೇಲೆ ಕೈಯೂರಿ, "ನನ್ನ ಮಗಳ್ರಿ. ಶೀತಲಾ ಅಂತ. ಲಗ್ನ ಆಗಿಲ್ಲ. ಬರಕೋರಿ" ಅಂದರಂತೆ. ಯಾರೋ ಒಬ್ಬ ನಕ್ಕನಂತೆ. ನಿಮ್ಮಪ್ಪ ಅವನ ಕಡೆ ತಿರುಗಿಯೂ ನೋಡದೆ ಸಹಿ ಮಾಡಿ ಬಂದರಂತೆ. ಫೋನು ಇಟ್ಟು ನಾನು ಅಡಿಗೆ ಮನೆಯಲ್ಲಿ ಕುಳಿತು ಮನಸ್ಸು ತುಂಬ ಅತ್ತೆ.

ಅವರು ಮನೆಗೆ ಬಂದು ಕೈಕಾಲು ತೊಳೆದು ತಾಟಿನ ಮುಂದೆ ಕುಳಿತರು. ಬಿಸಿ ರೊಟ್ಟಿ ಮೇಲೆ ಬೆಣ್ಣೆ ಹಾಕಿದೆ, ಉಂಡರು. ಪಂಚಮಿ ಹತ್ತಿರ ಬಂತು, ಮಗಳನ್ನು ತವರಿಗೆ ಕರೆಯುವ ಹಬ್ಬ. ಬಾ ಎಂದು ಬರೆಯಲು ಕೈ ತುರಿಸುತ್ತಿದೆ. ಆದರೆ ಅವರ ಬಾಯಿಂದ ಆ ಮಾತು ಬಂದಿಲ್ಲ, ನಿನಗೆ ಸುಳ್ಳು ಆಸೆ ಹಚ್ಚಲಾರೆ. ಡಾಕ್ಟರ ಚೀಟಿಯ ಫೋಟೊ ರಾಮಲಿಂಗಪ್ಪನವರಿಗೆ ನಾಳೆಯೇ ಕಳಿಸು. ಗುಳಿಗೆ ಮಾತ್ರ ಇವತ್ತಿನಿಂದಲೇ ದಿನಾ ನುಂಗು, ನನ್ನಾಣೆ.

ನಿನ್ನನ್ನು ನೆನೆದು ನೆನೆದು ರೊಟ್ಟಿ ಸೀಯಿಸುವ,
ನಿನ್ನವ್ವ
ಸಾವಿತ್ರೆವ್ವ

ತಾ.ಕ.: ಕಾಗದ ಮಡಚುವಾಗ ನಿಮ್ಮಪ್ಪ ಬಂದು ಯಾರಿಗೆಂದು ಕೇಳಿದರು. ಹೇಳಿದೆ. ಹೊರಗೆ ಹೋದರು, ಮತ್ತೆ ಬಂದರು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ: "ಲಗ್ನ ಆದ್ರ ಇನ್ಶೂರನ್ಸ್ ನಿಂತ ಹೋಗತೈತಂತ ಬರಿ. ಗಡಿಬಿಡಿ ಮಾಡಿ ಅಲ್ಲೇ ಧಾರವಾಡದಾಗ ಯಾವನ್ನರೆ ಮಾಡ್ಕೊಂಡ ಗೀಡ್ಕೊಂಡಾಳು. ವರಾ ನೋಡೂದಿದ್ರ ಅಪ್ಪ ಇನ್ನೂ ಗಟ್ಟಿಮುಟ್ಟ ಅದಾನ, ಪಂಚಮಿಗೆ ಬಂದಾಗ ಕುಂತ ಮಾತಾಡೂಣು ಅಂತ ಬರಿ."