ಮೊಣಕಾಲಿನ ಮುಂದಿನ ಜಾಗ

ಮನೆಯಿಂದ,
ಮಾರ್ಚ್ ೧೦, ಸೋಮವಾರ ಬೆಳಿಗ್ಗೆ

ನನ್ನ ಮುದ್ದು ಒಂಟೆಮರೀ,

ಹೇಗಿದ್ದೀಯ? ಎತ್ತರಕ್ಕೆ ಹೋದಾಗ ಎಡಗಿವಿ ಕಟ್ಟುತ್ತದೆ ಎಂದು ಬರೆದಿದ್ದೆಯಲ್ಲ, ಈಗ ಸರಿಹೋಯಿತೆ? ಮೂಗು ಹಿಡಿದು ಗಾಳಿ ಊದು, ಎಂಜಲು ನುಂಗು, ಯಾರ ಹತ್ತಿರವೂ ಉಸಿರೆತ್ತಬೇಡ. ಊಟ ಸರಿಯಾಗಿ ಮಾಡುತ್ತಿದ್ದೀಯಾ? ಫೋಟೋದಲ್ಲಿ ನಿನ್ನ ಕೆನ್ನೆ ಒಳಗೆ ಹೋಗಿದೆ, ಕಾಲು ಮಾತ್ರ ಇನ್ನೂ ಬೆಳೆಯುತ್ತಿರುವ ಹಾಗಿದೆ. ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಅವಳು ಮಾಡುವ ಚಹಾ ಇನ್ನೂ ಪಾತ್ರೆ ತೊಳೆದ ನೀರಿನ ಹಾಗೇ ಇದೆ. ನಾನು ಅದನ್ನು ದಿನಾ ಹೇಳುತ್ತೇನೆ, ಅವಳು ದಿನಾ ಕೇಳಿಸದವಳ ಹಾಗೆ ಒಳಗೆ ಹೋಗುತ್ತಾಳೆ. ನಿನ್ನ ಅಪ್ಪ ಹೋದಮೇಲೆ ಈ ಮನೆಯಲ್ಲಿ ಉಳಿದ ಮಾತುಕತೆ ಇಷ್ಟೇ. ನಾನಂತೂ ಬೆನ್ನುನೋವು ಒಂದು ಬಿಟ್ಟರೆ ಗುಂಡುಕಲ್ಲಿನ ಹಾಗಿದ್ದೇನೆ, ಇಷ್ಟು ಬೇಗ ಸಾಯುವ ಯೋಚನೆ ಇಲ್ಲ.

ಹೊಸ ಯುದ್ಧವಿಮಾನಕ್ಕೆ ಆರಿಸಿದ ಮೊದಲ ಹೆಣ್ಣುಮಕ್ಕಳಲ್ಲಿ ನೀನೂ ಒಬ್ಬಳು ಎಂಬ ಸುದ್ದಿ ನಿನ್ನ ಪತ್ರಕ್ಕಿಂತ ಮುಂಚೆಯೇ ನನಗೆ ತಲುಪಿತ್ತು. ನಿನಗೆ ಹಾರಾಟ ಕಲಿಸಿದವನು ಫೋನ್ ಮಾಡಿ, "ಸರ್, ವಿಮಾನ ಹಾರಿಸುವಾಗ ಇವಳ ಕೈ ಇವಳಪ್ಪನ ಕೈಗಿಂತ ಮೃದು" ಎಂದ. ಹೌದೇನೋ, ಎಂದೆ. ಫೋನ್ ಇಟ್ಟಮೇಲೆ ಹೊರಗೆ ಬಂದು ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರನ್ನು ಕೂಗಿ ಕರೆದು ಹೇಳಿದೆ. ಅವನ ಮೊಮ್ಮಗ ಮೂರನೇ ಸಲವೂ ಯಾವುದೋ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದಾನೆ, ಅದಕ್ಕೇ ಕರೆದು ಹೇಳಿದೆ. ಮುಖ ಇಷ್ಟು ಚಿಕ್ಕದು ಮಾಡಿಕೊಂಡು ಒಳಗೆ ಹೋದ. ಇನ್ನು ಬುಧವಾರದ ವೈದ್ಯಕೀಯ ಮಂಡಳಿ ಒಂದು ದಾಟಿದರೆ ನೀನು ಹೊಸ ವಿಮಾನದ ಪೈಲಟ್. ಅದಕ್ಕಾಗಿ ನೀನು ಎಷ್ಟು ಒದ್ದಾಡಿದ್ದೀಯ, ಎಷ್ಟು ಜನರ ಕೊಂಕು ನುಂಗಿದ್ದೀಯ ಎಂಬುದು ನನಗೆ ಗೊತ್ತಿಲ್ಲದ್ದಲ್ಲ.

ಹೋದ ಗುರುವಾರ ನಮ್ಮ ಹಳೆಯ ವಾಯುನೆಲೆಗೆ ನನ್ನನ್ನು ಕರೆಸಿದ್ದರು. ಒಂದೇ ಪೆಂಡಾಲಿನಲ್ಲಿ ಎರಡು ಕೆಲಸ. ನಾನೂ ನಿನ್ನ ಅಪ್ಪನೂ ಹಾರಿಸಿದ ಪುಟ್ಟ ಜೆಟ್ಟಿಗೆ ಬೀಳ್ಕೊಡುಗೆ, ಹೊಸದಾಗಿ ಬಂದಿಳಿದ ವಿಮಾನಕ್ಕೆ ಸ್ವಾಗತ. ನಮ್ಮ ಪಡೆಯ ಚರಿತ್ರೆ ಪುಸ್ತಕ ಮಾಡುತ್ತಿದ್ದಾರಂತೆ, ಒಬ್ಬ ಎಳೆಯ ಅಧಿಕಾರಿ ರೆಕಾರ್ಡರ್ ಹಿಡಿದುಕೊಂಡು ನನ್ನ ಪಕ್ಕದಲ್ಲೇ ಅಂಟಿಕೊಂಡ. "ಸರ್, ಮೊದಲಿಂದ ಹೇಳಿ" ಅಂದ. ಹೇಳಿದೆ. ನಮ್ಮನ್ನು ಆಳಿದವರು ಹೋಗುವಾಗ ಬಿಟ್ಟುಹೋದ ಬಟ್ಟೆರೆಕ್ಕೆಯ ವಿಮಾನಗಳು ಮೊದಲು. ರೆಕ್ಕೆ ಹರಿದರೆ ಪೇಟೆಯಿಂದ ದರ್ಜಿಯನ್ನು ಕರೆಸುತ್ತಿದ್ದರು, ಅವನು ಹೊಲಿಗೆ ಹಾಕಿ ಹಲ್ಲಿನಿಂದ ದಾರ ಕಡಿದರೆ ವಿಮಾನ ಹಾರಾಟಕ್ಕೆ ಸಿದ್ಧ. ಆಮೇಲೆ ಯಾರದೋ ಯುದ್ಧ ಮುಗಿದು ಮಿಕ್ಕಿದ ಪಂಖದ ವಿಮಾನಗಳು ಬಂದವು. ಅದರ ಕೈಪಿಡಿ ನಮಗಾರಿಗೂ ಬಾರದ ಭಾಷೆಯಲ್ಲಿತ್ತು, ಯಾವ ಗುಂಡಿ ಏನು ಮಾಡುತ್ತದೆ ಎಂದು ಒತ್ತಿ ನೋಡಿಯೇ ಕಲಿತೆವು. ಒಬ್ಬ ಪುಣ್ಯಾತ್ಮ ನೆಲದ ಮೇಲಿದ್ದಾಗಲೇ ಚಕ್ರ ಮಡಿಸುವ ಗುಂಡಿ ಒತ್ತಿ, ದೊಡ್ಡ ಅತಿಥಿಗಳ ಎದುರಿಗೇ ವಿಮಾನವನ್ನು ಹೊಟ್ಟೆಯ ಮೇಲೆ ಕೂರಿಸಿದ. ಆ ಹುಡುಗ ಅಧಿಕಾರಿ ನಕ್ಕೂ ನಕ್ಕೂ ಸುಸ್ತಾದ. ಎಷ್ಟು ಜನ ಸತ್ತರು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ, ಅಂಥದಕ್ಕೆಲ್ಲ ಅವರ ಪುಸ್ತಕದಲ್ಲಿ ಜಾಗ ಇರುವುದಿಲ್ಲ.

ಆಮೇಲೆ ಬಂದದ್ದು ನಮ್ಮ ಪುಟ್ಟ ಜೆಟ್. ನಾವು ಅದನ್ನು ಡಬ್ಬಿ ಎನ್ನುತ್ತಿದ್ದೆವು. ಅಗ್ಗ, ಚುರುಕು, ಏನು ಹೇಳಿದರೂ ಕೇಳುತ್ತಿತ್ತು. ಆದರೆ ಅದನ್ನು ಮಾಡಿದವರು ಕುಳ್ಳರೋ ಜಿಪುಣರೋ, ಪೈಲಟ್ ಕೂರುವ ಜಾಗ ಮಾತ್ರ ಕೋಳಿಗೂಡು. ಅಪಾಯ ಬಂದಾಗ ಹಿಡಿ ಎಳೆದರೆ ಕುರ್ಚಿ ನಮ್ಮನ್ನು ಹೊತ್ತುಕೊಂಡು ಮೇಲಕ್ಕೆ ಚಿಮ್ಮುತ್ತಿತ್ತು, ಅದರಲ್ಲಿ ಮೋಸವಿಲ್ಲ. ಆದರೆ ಮುಂದಿನ ಗಾಜಿನ ಚೌಕಟ್ಟು ಎಷ್ಟು ಹತ್ತಿರವಿತ್ತೆಂದರೆ, ತೊಡೆ ಉದ್ದವಿದ್ದವನು ಚಿಮ್ಮಿದರೆ ಅವನು ಮೇಲೆ ಹೋಗಬೇಕು, ಮೊಣಕಾಲು ಒಳಗೇ ಉಳಿಯಬೇಕು. ಅದಕ್ಕೇ ನಮ್ಮ ಹಾರಾಟ ಶಾಲೆಯಲ್ಲಿ ಹಲಗೆ ಪರೀಕ್ಷೆ ಎಂದು ಒಂದು ಪದ್ಧತಿ. ಗೋಡೆಗೆ ಬೆನ್ನು ಒತ್ತಿ ಸ್ಟೂಲಿನ ಮೇಲೆ ಕೂರಬೇಕು. ನೆಲದಲ್ಲಿ ಒಂದು ಗೀಟು. ಮುಖ್ಯ ಶಿಕ್ಷಕನಾದ ನಾನು ಗೀಟಿನ ಮೇಲೆ ಹಲಗೆ ನಿಲ್ಲಿಸುತ್ತಿದ್ದೆ. ಮೊಣಕಾಲು ಹಲಗೆಗೆ ತಾಗಿದರೆ ಮುಗಿಯಿತು, ಗಂಟುಮೂಟೆ ಕಟ್ಟಿಕೊಂಡು ಸಾಗಣೆ ವಿಮಾನಕ್ಕೆ ನಡಿ. ಬಡ್ಡಿಮಕ್ಕಳು ಅಳುತ್ತಿದ್ದರು, ಕಾಲು ಹಿಡಿಯುತ್ತಿದ್ದರು. ಒಬ್ಬನಂತೂ ಊಟ ಬಿಟ್ಟು ನನ್ನ ಆಫೀಸಿನ ಬಾಗಿಲಲ್ಲಿ ಕೂತುಬಿಟ್ಟಿದ್ದ. ಕೊನೆಗೆ ಹಾರಾಟ ಬಿಟ್ಟು ಡಾಕ್ಟರ್ ಓದಿದ, ಈಗ ದೊಡ್ಡ ಹುದ್ದೆಯಲ್ಲಿದ್ದಾನೆ, ಇವತ್ತಿಗೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ನನಗೆ ಕತ್ತರಿ ಎಂದು ಅಡ್ಡಹೆಸರು ಬಂದದ್ದು ಹೀಗೆ.

ನಿನ್ನ ಅಪ್ಪ ನಿನ್ನ ಹಾಗೇ ಒಂಟೆ. ಸ್ಟೂಲಿನ ಮೇಲೆ ಕೂತರೆ ಅವನ ಮೊಣಕಾಲು ಅವನಿಗಿಂತ ಮುಂಚೆ ಬಾಗಿಲು ದಾಟುತ್ತಿತ್ತು. ಅವನ ಸರದಿ ಬಂದ ದಿನ ಹಲಗೆ ಗೀಟಿನಿಂದ ಒಂದು ಬೆರಳು ಆಚೆಗೆ ನಿಂತಿತು. ಮತ್ತೇನು ಮಾಡಬೇಕಿತ್ತು? ಕತ್ತರಿಯ ಮಗ ತರಕಾರಿ ಮೂಟೆ, ಸೀಮೆಎಣ್ಣೆ ಡಬ್ಬ ಹೊತ್ತುಕೊಂಡು ಊರೂರು ತಿರುಗುವುದೇ? ಪಡೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನು ವಿಮಾನ ಹತ್ತುವಾಗ ಗೆಳೆಯರು, "ಏನಾದ್ರೂ ಆದ್ರೆ ಮೊಣಕಾಲು ಒಳಗೇ ಬಿಟ್ಟು ಬಾರಪ್ಪಾ" ಎಂದು ರೇಗಿಸುತ್ತಿದ್ದರು. ಅವನೂ ನಗುತ್ತಿದ್ದ, ನಾನೂ ನಗುತ್ತಿದ್ದೆ. ಒಳ್ಳೆಯ ಪೈಲಟ್ ಆದ, ಅದನ್ನು ಯಾರೂ ಇಲ್ಲ ಎನ್ನುವಂತಿಲ್ಲ.

ಹೋದ ಪತ್ರದಲ್ಲಿ ನೀನು ನನ್ನನ್ನು ನೇರವಾಗಿ ಕೇಳಿದ್ದೆ, ಇಂಜಿನ್ ನಿಂತಮೇಲೂ ಅಪ್ಪ ಯಾಕೆ ಹಿಡಿ ಎಳೆಯಲಿಲ್ಲ ತಾತಾ, ಅಂತ. ನೀನು ತನಿಖೆಯ ವರದಿ ಓದಿದ್ದೀಯ. "ಪೈಲಟ್ ನಿರ್ಧಾರ ತೆಗೆದುಕೊಳ್ಳುವಲ್ಲಿ ತಡ ಮಾಡಿದ್ದಾರೆ" ಎಂದಿದೆಯಲ್ಲ, ಅದೇ ಸರಿ. ಪಕ್ಕದಲ್ಲಿ ಹಾರುತ್ತಿದ್ದವನು ರೇಡಿಯೋದಲ್ಲಿ "ಎಳಿ, ಎಳಿಯೋ" ಎಂದು ಗಂಟಲು ಹರಿದುಕೊಂಡ. ನಿನ್ನ ಅಪ್ಪ, "ಇರು ಮಾರಾಯ, ಇಳಿಸ್ತೀನಿ" ಅಂದ. ಇಳಿಸಲು ಹೋದ, ರನ್‌ವೇಯ ಆಚೆಯ ಹಳ್ಳದಲ್ಲಿ ಮಗುಚಿಕೊಂಡ. ತಡ ಮಾಡುವುದು ಅವನ ಹುಟ್ಟುಗುಣ, ಶಾಲೆಗೂ ತಡ, ಊಟಕ್ಕೂ ತಡ, ಮದುವೆಯ ದಿನವೂ ಎಲ್ಲರನ್ನೂ ಕಾಯಿಸಿದ. ಪೆಟ್ಟಿಗೆಯಲ್ಲಿ ಅವನನ್ನು ಮನೆಗೆ ತಂದಾಗ ನಿನ್ನ ಅಮ್ಮ ಕೇಳಿದ್ದು ಒಂದೇ ಮಾತು. "ಕಾಲು ಸರಿಯಾಗಿದೆಯಾ ಮಾವ?" ಸರಿಯಾಗಿದೆ, ಎರಡೂ ಸರಿಯಾಗಿದೆ ಎಂದೆ. ಅಷ್ಟು ಕೇಳಿ ಅಡುಗೆಮನೆಗೆ ಹೋದವಳು ಆಮೇಲೆ ಆ ವಿಷಯ ಎತ್ತಲೇ ಇಲ್ಲ. ನೀನೂ ಎತ್ತಬೇಡ.

ಎಲ್ಲಿಗೆ ಬಂದಿದ್ದೆ? ಹಾಂ, ಗುರುವಾರ. ಡಬ್ಬಿಯ ಬಾಲಕ್ಕೆ ಹಾರ ಹಾಕಿದರು, ಭಾಷಣ ಮಾಡಿದರು, ಇನ್ನು ಮುಂದೆ ಅದನ್ನು ಗೇಟಿನ ಹತ್ತಿರ ಕಂಬದ ಮೇಲೆ ಸಿಕ್ಕಿಸುತ್ತಾರಂತೆ, ಕಾಗೆಗಳಿಗೆ ಅನುಕೂಲ. ಆಮೇಲೆ ಹೊಸದರ ಹತ್ತಿರ ಕರೆದೊಯ್ದರು. ಅಬ್ಬಾ, ಅದೇನು ನುಣುಪು! ಮುಳ್ಳಿನ ಗಡಿಯಾರದಂಥ ಮೀಟರು ಒಂದೂ ಇಲ್ಲ, ಎಲ್ಲ ಪರದೆ. ವಿಮಾನ ನೆಲದ ಮೇಲೆ ನಿಂತಿದ್ದರೂ ಕುರ್ಚಿ ಚಿಮ್ಮಿ ಪೈಲಟ್‌ನನ್ನು ಕಾಪಾಡುತ್ತದೆಯಂತೆ. ಹಿರಿಯರು ಎಂದು ನನ್ನನ್ನು ಒಳಗೆ ಕೂರಿಸಿದರು. ಅಲ್ಲಿಯ ಮೆಕ್ಯಾನಿಕ್ ಹೆಣ್ಣುಮಗಳು ಏಣಿ ಹಿಡಿದುಕೊಂಡು, "ಕಾಲು ಚಾಚಿ ಸರ್, ಇದ್ರಲ್ಲಿ ಎಂಥವ್ರಿಗೂ ಜಾಗ ಆಗತ್ತೆ" ಅಂದಳು. ಚಾಚಿದೆ. ಮೊಣಕಾಲಿಗೂ ಮುಂದಿನ ಚೌಕಟ್ಟಿಗೂ ನಡುವೆ ಕೈ ಇಟ್ಟು ನೋಡಿದೆ. ಅದರ ಪಕ್ಕ ಇನ್ನೊಂದು ಕೈ ಇಟ್ಟೆ. ಆಮೇಲೂ ಜಾಗ ಉಳಿಯಿತು. "ಆರಾಮಾಗಿದೆಯಾ ಸರ್?" ಎಂದು ಕೆಳಗಿನಿಂದ ಕೂಗಿದರು. ಮಂಚ ಹಾಕಿ ಮಲಗಬಹುದು ಕಣ್ರಯ್ಯ, ಎಂದೆ. ಎಲ್ಲರೂ ನಕ್ಕರು. ಇಳಿಯುವಾಗ ಏಣಿ ಹಿಡಿಯಲು ಕೈ ಬರಲಿಲ್ಲ, ಆ ಮೆಕ್ಯಾನಿಕ್ ನನ್ನನ್ನು ಅಕ್ಕಿಮೂಟೆಯ ಹಾಗೆ ಅಪ್ಪಿ ಇಳಿಸಿದಳು. ನನಗೆ ಅವಮಾನವಾಯಿತು. ಊಟಕ್ಕೂ ನಿಲ್ಲದೆ ಕಾರು ತರಿಸಿಕೊಂಡು ಹೊರಟೆ.

ಅಲ್ಲಿಂದ ಮನೆಗೆ ಬರುವ ದಾರಿಯುದ್ದಕ್ಕೂ ನಿನ್ನದೇ ಯೋಚನೆ. ನೀನು ಹುಟ್ಟಿದಾಗ ಮೊದಲು ನೋಡಿದ್ದು ನಿನ್ನ ಕಾಲು. ಅಯ್ಯೋ, ಇದು ಸಹ ಒಂಟೆಯೇ, ಎಂದು ಬೈದಿದ್ದೆ. ನಿನ್ನಷ್ಟು ನಾನು ಯಾರನ್ನೂ ಹಚ್ಚಿಕೊಂಡಿಲ್ಲ, ನಿನ್ನ ಅಪ್ಪನನ್ನೂ ಇಷ್ಟು ಹಚ್ಚಿಕೊಂಡಿರಲಿಲ್ಲ. ಅವನನ್ನು ಕಂಡರೆ ನನಗೆ ಹೆಮ್ಮೆಯಿತ್ತು, ಅದು ಬೇರೆ.

ಆರೋಗ್ಯ ನೋಡಿಕೋ. ಬೆಚ್ಚಗೆ ಹೊದ್ದು ಮಲಗು, ಗೆಳತಿಯರ ಹತ್ತಿರ ವಿನಾಕಾರಣ ಜಗಳ ಬೇಡ, ಜಗಳವಾಡಿದರೆ ಸೋತು ಬರಬೇಡ. ನೂರು ಕಾಲ ಬಾಳು, ನನ್ನ ಆಯಸ್ಸಿನಲ್ಲಿ ಉಳಿದದ್ದೂ ನಿನಗೇ ಸೇರಲಿ.

ನಿನ್ನ ಮೇಲೆ ಪ್ರಾಣವೇ ಇಟ್ಟುಕೊಂಡಿರುವ
ತಾತ

ಮರೆತಿದ್ದೆ. ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇದು ನಿನ್ನ ಕೈ ಸೇರುವಷ್ಟರಲ್ಲಿ ಮಂಡಳಿ ನಿನ್ನನ್ನು ಹಾರಾಟಕ್ಕೆ ಅನರ್ಹಳು ಎಂದಿರುತ್ತದೆ. ನಾನು ಕತ್ತರಿಸಿದ ಆ ಹುಡುಗ, ಆ ಡಾಕ್ಟರ್, ಈಗ ಆ ಮಂಡಳಿಯ ಮುಖ್ಯಸ್ಥ. ಶುಕ್ರವಾರ ಅವನ ಮನೆಗೆ ಹೋಗಿದ್ದೆ. ಚಿಕ್ಕಂದಿನಲ್ಲಿ ನಿನಗೆ ಮೂರ್ಛೆ ಬರುತ್ತಿತ್ತು, ಮನೆಯವರು ಮುಚ್ಚಿಟ್ಟಿದ್ದೆವು, ಎಂದು ಬರೆದುಕೊಟ್ಟೆ. ನಿನಗೆ ಎಂದೂ ಮೂರ್ಛೆ ಬಂದಿಲ್ಲ, ಅದು ನನಗೂ ಗೊತ್ತು. ಹೊಸ ವಿಮಾನ ಬಿದ್ದೀತು ಎಂಬ ಹೆದರಿಕೆಯಿಂದ ಮಾಡಿದೆ ಎಂದುಕೊಳ್ಳಬೇಡ. ಅದು ಬೀಳುವುದಿಲ್ಲ, ಬಿದ್ದರೂ ನೀನು ಬದುಕುತ್ತೀಯ. ಅದರಲ್ಲಿ ಕಾಲು ಚಾಚಿ ಕೂತು, ಸುಖವಾಗಿ ಇಳಿದು ಬಂದು, ತಾತಾ, ಎಷ್ಟೊಂದು ಜಾಗ ಇದೆ ಗೊತ್ತಾ, ಅಂತ ನೀನು ನನ್ನೆದುರು ನಿಂತು ಹೇಳುವುದನ್ನು ನಾನು ಕೇಳಲಾರೆ. ನನ್ನ ಕೈಯಲ್ಲಿ ಆಗುವುದಿಲ್ಲ. ಈ ಪತ್ರ ಒಯ್ದು ಅವರಿಗೆ ತೋರಿಸುತ್ತೀಯೇನೋ, ತೋರಿಸು, ಮುದುಕನಿಗೆ ಅರಳುಮರುಳು ಅನ್ನುತ್ತಾರೆ. ನಿನ್ನ ಅಮ್ಮನ ಬಗ್ಗೆ ಹಾಗನ್ನಲಾಗುವುದಿಲ್ಲ. ಹೆತ್ತವರ ಸಹಿ ಬೇಕು ಎಂದು ಡಾಕ್ಟರ್ ಮೊದಲೇ ಫೋನಿನಲ್ಲಿ ಹೇಳಿದ್ದ. ಅಳುತ್ತಾಳೆ, ರಂಪ ಮಾಡುತ್ತಾಳೆ, ನನ್ನ ಮುಖಕ್ಕೇ ಎಸೆಯುತ್ತಾಳೆ ಎಂದುಕೊಂಡು ಅಡುಗೆಮನೆಗೆ ಹೋಗಿ ಆ ಮೂರ್ಛೆಯ ಕಾಗದ ಕೊಟ್ಟೆ. ಒದ್ದೆ ಕೈ ಒರೆಸಿಕೊಂಡು ಪೂರ್ತಿ ಓದಿದಳು, ಇನ್ನೊಂದು ಸಲ ಓದಿದಳು. ಆಮೇಲೆ, "ಪೆನ್ ಎಲ್ಲಿದೆ ಮಾವ?" ಅಂದಳು.