ಹೋಗಿ ಬರ್ತೀನಿ ಅನ್ನದೆ ಬಂದೆ

ಭವಾನಿಪುರಂ, ವಿಜಯವಾಡ
೧೪ ಅಕ್ಟೋಬರ್ ೨೦೨೫

ನನ್ನ ಮುದ್ದು ಇನೆಸ್‌ಗೆ,

ನಿನ್ನ ವಿಜಯವಾಡದ ಅಮ್ಮ ಕಮಲಾಕ್ಷಿಯ ಆಶೀರ್ವಾದ. ಈ ಸಲ ಕಾಗದದ ನೆತ್ತಿಯ ಮೇಲೆ ‘ಶ್ರೀ’ ಬರೆದಿಲ್ಲ, ನೋಡಿರುತ್ತೀಯ. ಮೊದಲು ಶ್ರೀ ಬರೆಯೇ, ಮಿಕ್ಕಿದ್ದೆಲ್ಲ ಆಮೇಲೆ ಅಂತ ನಿನ್ನ ಕೈ ಮೇಲೆ ಸ್ಕೇಲಿನಿಂದ ತಟ್ಟಿದವಳೇ ನಾನು. ಸಾವಿನ ಮನೆಗೆ ಬರೆಯುವ ಕಾಗದಕ್ಕೆ ಅದನ್ನು ಹಾಕುವುದಿಲ್ಲ ಅಂತ ಮಾತ್ರ ಹೇಳಿಕೊಟ್ಟಿರಲಿಲ್ಲ. ಹದಿನೇಳು ವರ್ಷದ ಹುಡುಗಿಗೆ ಅದೆಲ್ಲ ಯಾಕೆ ಅಂತ ಬಿಟ್ಟಿದ್ದೆ.

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ತಾಯಿ ಮಾರ್ತಾ ಹೋದ ಸುದ್ದಿ ಆಗಸ್ಟಿನಲ್ಲೇ ಫೋನಿಗೆ ಬಂತು. ಕೈಮುಗಿದಿರುತ್ತದಲ್ಲ, ಆ ಹಳದಿ ಚಿತ್ರ ಒತ್ತಿ ಸುಮ್ಮನಾದೆ. ನನ್ನ ಮಗಳು ಹರಿಣಿಯನ್ನು ಒಂದು ವರ್ಷ ಮಡಿಲಲ್ಲಿಟ್ಟುಕೊಂಡು ಸಾಕಿದವರಿಗೆ ಒಂದು ಚಿತ್ರ! ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಕಾಗದ ಬರೆಯೋಣ ಅಂತ ಪೆನ್ನು ಹಿಡಿದಾಗಲೆಲ್ಲ ಏನೋ ಅಡ್ಡ ಬರುತ್ತಿತ್ತು. ಅಡ್ಡ ಬಂದದ್ದು ಏನು ಅಂತ ಇವತ್ತು ಹೇಳಿಬಿಡುತ್ತೇನೆ. ಹರಿಣಿ ಮನೆಗೆ ಬರುವುದು ಬಿಟ್ಟಿದ್ದಾಳೆ, ಇನೆಸ್.

ಮೊದಲು ನೀನು ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಆ ದೊಡ್ಡ ಮನೆಯಲ್ಲಿ ಈಗ ಜೊತೆಗೆ ಯಾರಿದ್ದಾರೆ? ನಿಮ್ಮ ವಾಲ್ಡಿವಿಯಾದಲ್ಲಿ ಮಳೆ ನಿಂತಿತೋ ಇಲ್ಲವೋ? ಇಲ್ಲಿ ನಿನ್ನ ಅಪ್ಪಾಜಿ ಬ್ಯಾಂಕಿನಿಂದ ನಿವೃತ್ತರಾಗಿ ದಿನಾ ಬೆಳಿಗ್ಗೆ ಕೃಷ್ಣಾ ನದಿಯ ಕಡೆ ವಾಕಿಂಗ್ ಹೋಗುತ್ತಾರೆ, ಬಂದು ನೀರು ಎಷ್ಟು ಬಂದಿದೆ ಅಂತ ವರದಿ ಒಪ್ಪಿಸುತ್ತಾರೆ. ತಿಪಟೂರಿಗೆ ವಾಪಸು ಹೋಗೋಣ ಅಂದರೆ, ‘ವರ್ಗವಾಗಿ ಬಂದ ಊರೇ ಊರಾಯ್ತಲ್ಲೇ’ ಅನ್ನುತ್ತಾರೆ. ಮಹಡಿ ಮೇಲಿನ ಲಕ್ಷ್ಮೀಕಾಂತಮ್ಮ ಈಗಲೂ ನಿನ್ನನ್ನು ‘ಮೀ ಕನ್ನಡ ಪಿಲ್ಲ’ ಅಂತಲೇ ಕೇಳುತ್ತಾರೆ.

ಕನ್ನಡದ ಹುಡುಗಿ ಅನ್ನದೆ ಇನ್ನೇನಂದಾರು! ದೇಶ ದೇಶದ ಮಕ್ಕಳನ್ನು ಒಂದು ವರ್ಷಕ್ಕೆ ಅದಲುಬದಲು ಮಾಡುವ ಕ್ಲಬ್ಬಿನವರು ಹರಿಣಿಯನ್ನು ಚಿಲಿ ದೇಶಕ್ಕೆ, ನಿಮ್ಮ ಮನೆಗೆ ಕಳಿಸಿದರು. ನಿನ್ನನ್ನು ಇಲ್ಲಿಗೆ, ನಮ್ಮ ಮನೆಗೆ ತಂದರು. ಅವಳ ಮಂಚದಲ್ಲಿ ನೀನು, ನಿನ್ನ ಮಂಚದಲ್ಲಿ ಅವಳು. ತೆಲುಗು ಕಲಿಯಬೇಕು ಅಂತ ನಿನಗೆ ಹೇಳಿದ್ದರು. ನೀನು ನಮ್ಮನೆಯಲ್ಲಿ ಆಡುವುದೇ ತೆಲುಗು ಅಂದುಕೊಂಡು ಎರಡು ತಿಂಗಳು ನನ್ನ ಬಾಯಿಂದ ಬಿದ್ದದ್ದನ್ನೆಲ್ಲ ಆಯ್ದುಕೊಂಡೆ. ನಮಗಾದರೂ ಹೊಳೆಯಬೇಡವೇ? ವಿಶಾಖಪಟ್ನದಲ್ಲಿ ಕ್ಲಬ್ಬಿನ ಸಭೆಯಲ್ಲಿ ಮಿಕ್ಕ ದೇಶದ ಮಕ್ಕಳೆಲ್ಲ ತೊದಲುತ್ತ ತೆಲುಗಿನಲ್ಲಿ ನಾಲ್ಕು ಮಾತಾಡಿದರು. ನೀನು ಮೈಕು ಹಿಡಿದು, ‘ಎಲ್ಲರಿಗೂ ನಮಸ್ಕಾರ, ನಮ್ಮಮ್ಮ ಮಾಡೋ ಉಪ್ಪಿಟ್ಟು ನಂಗೆ ಸೇರಲ್ಲ’ ಅಂತ ಶುರು ಮಾಡಿದೆ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ನನ್ನ ಕಡೆ ತಿರುಗಿ ‘ಏಮಂಡೀ ಇದಿ!’, ಏನ್ರೀ ಇದು, ಅಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಒಳಗೊಳಗೇ ಎಷ್ಟು ಹಿಗ್ಗಿದ್ದೆ ಗೊತ್ತಾ?

ಆಮೇಲೆ ನೀನೇ ಹಟ ಹಿಡಿದು ಅಕ್ಷರವನ್ನೂ ಕಲಿತೆ. ಸೊಟ್ಟ ಸೊಟ್ಟ ಅಕ್ಷರ! ಎಷ್ಟು ತಿದ್ದಿಸಿದರೂ ನೆಟ್ಟಗಾಗಲಿಲ್ಲ. ಈಗಲೂ ನಿನ್ನ ಕಾಗದ ಬಂದರೆ ಅಪ್ಪಾಜಿ ಒಂದು ಸಾಲು ನೋಡಿ, ‘ನಿನ್ನ ಮಗಳದ್ದು, ನೀನೇ ಓದು’ ಅಂತ ನನ್ನ ಕೈಗೆ ಕೊಡುತ್ತಾರೆ. ನಾನು ಅಡುಗೆಮನೆಯಲ್ಲಿ ಕೂತು ಸಲೀಸಾಗಿ ಓದುತ್ತೇನೆ. ನಾನು ಹೆತ್ತವಳಿಗೆ ಕನ್ನಡ ಓದಲು ಬಾರದು. ಇಲ್ಲಿಯ ಶಾಲೆ, ಇಲ್ಲಿಯ ಗೆಳತಿಯರು. ಮನೆಯೊಳಗೆ ಆಡುವಷ್ಟೇ ಕನ್ನಡ ಅವಳದು.

ನೀನು ಹೊರಟ ವಾರಕ್ಕೆ ಅವಳು ಬಂದಳಲ್ಲ, ಬಂದ ಹೊಸತರಲ್ಲಿ ನಾನು ಬಾಯಿತಪ್ಪಿ ಅವಳನ್ನು ಇನೆಸ್ ಅಂತ ಕೂಗಿಬಿಡುತ್ತಿದ್ದೆ. ಅವಳು ನನ್ನನ್ನು ‘ಮಮಾ’ ಅಂದು, ನಾಲಿಗೆ ಕಚ್ಚಿಕೊಂಡು ‘ಅಮ್ಮಾ’ ಅನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದೆವು. ಅವಳ ಮಂಚದ ಪಕ್ಕದ ಗೋಡೆಗೆ ನೀನು ಅಂಟಿಸಿದ್ದ ಕನ್ನಡ ಅಕ್ಷರಮಾಲೆಯನ್ನು ಕೀಳಬೇಡ ಅಂತ ನಾನು ಹೇಳಿದ್ದೆ. ಅವಳು ಕೀಳಲಿಲ್ಲ. ಪಾಪ, ಏನೂ ಅನ್ನಲೂ ಇಲ್ಲ.

ಈಗ ಗೌರಿ ಹಬ್ಬದ ವಿಷಯ. ಹರಿಣಿ ವಿಶಾಖಪಟ್ನದ ಮಧುರವಾಡದಿಂದ ಹಿಂದಿನ ಸಂಜೆಯೇ ಬಂದಳು. ಅಲ್ಲಿ ಕಾಲೇಜೊಂದರಲ್ಲಿ ಸ್ಪ್ಯಾನಿಷ್ ಕಲಿಸುತ್ತಾಳೆ, ನಿನಗೆ ಗೊತ್ತಿರುವುದೇ. ನಿಮ್ಮಮ್ಮ ಹೋಗಿ ಎರಡು ವಾರವೂ ಆಗಿರಲಿಲ್ಲ. ಮುಖ ಬಾಡಿತ್ತು, ಪ್ರಯಾಣದ ಆಯಾಸ ಅಂದುಕೊಂಡೆ. ಬೆಳಿಗ್ಗೆ ಪೂಜೆ ಮಾಡಿ, ಕೈಗೆ ಗೌರಿದಾರ ಕಟ್ಟಲು ಕರೆದರೆ ಕೈ ಹಿಂದಕ್ಕೆಳೆದುಕೊಂಡಳು. ಹಣೆಯಲ್ಲಿ ಕುಂಕುಮವಿಲ್ಲ, ಮುಡಿಯಲ್ಲಿ ಹೂವಿಲ್ಲ.

‘ನಂಗೆ ಬೇಡಮ್ಮಾ. ಈ ವರ್ಷ ನಾನು ಹಬ್ಬ ಮಾಡಲ್ಲ.’

‘ಯಾಕೇ?’

‘ಅಮ್ಮ ಹೋಗಿದ್ದಾರೆ. ಅಮ್ಮ ಹೋದರೆ ವರ್ಷ ಪೂರ್ತಿ ಹಬ್ಬ ಇಲ್ಲ ಅಂತ ನೀನೇ ಹೇಳ್ತಿದ್ದೆ ಕದಾ.’

ಕೈಯಲ್ಲಿ ಅರಿಶಿನದ ದಾರ ಹಿಡಿದು ನಿಂತಿದ್ದೇನೆ, ಎದುರಿಗೆ ಗೌರಿ, ನನ್ನ ಮಗಳು ನನ್ನ ಮುಂದೆಯೇ ಅಮ್ಮ ಹೋದಳು ಅನ್ನುತ್ತಾಳೆ. ಮೈಯೆಲ್ಲ ಉರಿದುಹೋಯಿತು. ‘ಬಿಡ್ತು ಅನ್ನೇ! ಯಾರೇ ನಿಮ್ಮಮ್ಮ? ಗುಂಡುಕಲ್ಲಿನ ಹಾಗೆ ನಾನಿಲ್ಲಿ ನಿಂತಿಲ್ವಾ?’ ಅಂತ ಕಿರುಚಿದೆ. ಅವಳೂ ಏನೋ ಅಂದಳು. ಅಪ್ಪಾಜಿ ನಡುವೆ ಬಂದರು, ಇಬ್ಬರಿಂದಲೂ ಬೈಸಿಕೊಂಡರು. ಊಟವನ್ನೂ ಮಾಡದೆ ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು. ಹೊಸಲು ದಾಟುವಾಗ ‘ಹೋಗಿ ಬರ್ತೀನಿ’ ಅನ್ನಲಿಲ್ಲ. ಹೋಗ್ತೀನಿ ಅಂತ ಬರೀ ಅಷ್ಟೇ ಅನ್ನಬಾರದು, ಬರ್ತೀನಿ ಅಂತ ಸೇರಿಸಬೇಕು ಅಂತ ನಿಮ್ಮಿಬ್ಬರಿಗೂ ಕಲಿಸಿದ್ದೆನಲ್ಲ. ಅವಳು ಎರಡರಲ್ಲಿ ಒಂದನ್ನೂ ಅನ್ನಲಿಲ್ಲ.

ದಸರೆಗೂ ಬರಲಿಲ್ಲ. ಬೆಟ್ಟದ ಮೇಲೆ ದುರ್ಗಮ್ಮನ ದರ್ಶನಕ್ಕೆ ಊರೆಲ್ಲ ಜನಜಾತ್ರೆ, ನನ್ನ ಮನೆ ಬಿಕೋ ಅನ್ನುತ್ತಿತ್ತು. ಲಕ್ಷ್ಮೀಕಾಂತಮ್ಮ ಪ್ರಸಾದ ತಂದುಕೊಟ್ಟು, ‘ಅಮ್ಮಾಯಿ ರಾಲೇದಾ ಅಂಡೀ?’ ಅಂತ ಕೇಳಿದರು. ಬಂದಿಲ್ಲ, ಕಾಲೇಜಿನಲ್ಲಿ ಕೆಲಸ ಅಂತ ಸುಳ್ಳು ಹೇಳಿದೆ. ಆಮೇಲೆ ತಡೆಯಲಾರದೆ ಎಲ್ಲ ಹೇಳಿಕೊಂಡು ಅತ್ತೆ. ಅವರು ಹರಿಣಿಯ ಮಾತೇ ಎತ್ತದೆ ನಿನ್ನ ವಿಷಯ ತೆಗೆದರು.

ನೆನಪಿದೆಯಾ? ಅವರ ಯಜಮಾನರು ತೀರಿಕೊಂಡಾಗ ನಿನ್ನನ್ನೂ ಮೇಲಕ್ಕೆ ಕರೆದುಕೊಂಡು ಹೋಗಿದ್ದೆ. ಏಳುವಾಗ ನೀನು ಎಲ್ಲರೆದುರು ಗಟ್ಟಿಯಾಗಿ ‘ಹೋಗಿ ಬರ್ತೀನೀ’ ಅಂದುಬಿಟ್ಟೆ! ನಾನು ನಿನ್ನ ಬಾಯಿಗೆ ಕೈ ಅಡ್ಡ ಹಿಡಿದು ಮೆಟ್ಟಿಲಿಳಿಸಿದೆ. ಸಾವಿನ ಮನೆಯಿಂದ ಹೊರಡುವಾಗ ಮಾತ್ರ ಆ ಮಾತು ಆಡಬಾರದು, ಸುಮ್ಮನೆ ಎದ್ದು ಬರಬೇಕು, ಇಂಥದ್ದಕ್ಕೆ ಮತ್ತೆ ಬರುವ ಹಾಗಾಗದಿರಲಿ ಅಂತ, ಅಂದು ಕೆಳಗೆ ಬಂದಮೇಲೆ ಬಿಡಿಸಿ ಹೇಳಿದೆ. ನೀನು ಕೆಂಪಗಾಗಿ ಕೂತಿದ್ದೆ.

‘ಎಲ್ಲರೂ ಬಂದರು, ಮಾತಾಡದೆ ಎದ್ದು ಹೋದರು,’ ಅಂದರು ಲಕ್ಷ್ಮೀಕಾಂತಮ್ಮ ತಮ್ಮ ತೆಲುಗಿನಲ್ಲಿ. ‘ಮತ್ತೆ ಬರ್ತೀನಿ ಅಂದದ್ದು ಆ ಪಿಲ್ಲ ಒಬ್ಬಳೇ. ದಿನಾ ಸಾಯಂಕಾಲ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ನಿಮ್ಮ ಹುಡುಗಿಯ ಪಕ್ಕದಲ್ಲಿ ಯಾರು ಕೂತರು, ಕಮಲಾಕ್ಷಿಗಾರೂ?’

ಆ ಮಾತು ನನ್ನ ಎದೆಗೇ ನಾಟಿತು. ಯಾರು ಕೂತಾರು? ಅವಳ ಕಾಲೇಜಿನಲ್ಲಿ ಮಾರ್ತಾ ಯಾರಿಗೆ ಗೊತ್ತು? ದೂರದ ದೇಶದಲ್ಲಿ ಒಂದು ವರ್ಷ ಇದ್ದ ಮನೆಯ ಹೆಂಗಸು, ಅಷ್ಟೇ. ಅದಕ್ಕೆ ಯಾರು ರಜೆ ಕೊಟ್ಟಾರು, ಯಾರು ಬಂದು ಹೇಗಾಯ್ತಮ್ಮಾ ಅಂತ ಕೇಳಿಯಾರು? ಕೇಳಬೇಕಾದವಳು ನಾನು, ನಾನು ದಾರ ಹಿಡಿದು ಕಿರುಚಿದ್ದೆ.

ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರೇ ಅಡುಗೆ ಒಯ್ಯಬೇಕು. ಎರಡು ತಿಂಗಳು ತಡವಾದರೂ ಆಗಲಿ ಅಂತ ನಸುಕಿನಲ್ಲೇ ಎದ್ದು ಅನ್ನ, ತಿಳಿಸಾರು, ಮೊಸರನ್ನ ಮಾಡಿ ಕ್ಯಾರಿಯರಿಗೆ ತುಂಬಿದೆ. ಹೂವು ಒಯ್ಯಲಿಲ್ಲ, ಕುಂಕುಮದ ಪೊಟ್ಟಣ ಒಯ್ಯಲಿಲ್ಲ. ಅಪ್ಪಾಜಿ ಸ್ಟೇಷನ್ನಿಗೆ ಬಂದು ರತ್ನಾಚಲ್ ರೈಲು ಹತ್ತಿಸಿದರು.

ಮಧುರವಾಡದಲ್ಲಿ ಅವಳ ಮನೆ ಹೊಸ ಅಪಾರ್ಟ್‌ಮೆಂಟಿನಲ್ಲಿ. ಬಾಗಿಲು ತೆರೆದಳು ನೋಡು, ಒಳಗಿನಿಂದ ಹಿಮದಂಥ ಗಾಳಿ. ಹೊರಗೆ ಬೆವರು ಸುರಿಯುವ ಸೆಕೆ, ಇವಳು ಏಸಿಯನ್ನು ಪೂರ್ತಿ ತಿರುಗಿಸಿಕೊಂಡು ದಪ್ಪ ಉಣ್ಣೆಯ ಸ್ವೆಟರ್ ತೊಟ್ಟು ನಿಂತಿದ್ದಾಳೆ. ನಿಮ್ಮಮ್ಮ ಹೆಣೆದುಕೊಟ್ಟದ್ದು. ಕರೆಂಟು ಬಿಲ್ಲು ಎಷ್ಟು ಬರುತ್ತೇ ಅಂತ ನಾಲಿಗೆಯ ತುದಿಗೆ ಬಂದಿತ್ತು, ಕೇಳಲಿಲ್ಲ. ನೀನಿದ್ದಿದ್ದರೆ ನನ್ನನ್ನು ಮೆಚ್ಚುತ್ತಿದ್ದೆ.

‘ಏನಮ್ಮಾ, ಒಂದು ಫೋನ್ ಮಾಡಬಾರದಾ?’ ಅಂದಳು. ದನಿ ಇನ್ನೂ ಬಿಗಿಯಾಗಿಯೇ ಇತ್ತು.

ನಾನು ಹೋಗಿ ಕೂತೆ. ಅವಳನ್ನೂ ಕೂರಿಸಿಕೊಂಡು, ಸಾವಿನ ಮನೆಗೆ ಹೋದವರು ಕೇಳುವುದನ್ನೇ ಕೇಳಿದೆ. ‘ಹೇಗಾಯ್ತೇ, ಮಾರ್ತಾಗೆ?’

ನನ್ನ ಮುಖವನ್ನೇ ನೋಡಿದಳು. ಹಂಗಿಸುತ್ತಿದ್ದೇನೋ ಅಂತ ಅನುಮಾನವಿರಬೇಕು. ಆಮೇಲೆ ಶುರು ಮಾಡಿದಳು. ಕಾಯಿಲೆ ಗೊತ್ತಾದ ದಿನದಿಂದ ಹಿಡಿದು ಎಲ್ಲ ಹೇಳಿದಳು. ಕೂದಲು ಉದುರಿದ ಮೇಲೆ ಟೋಪಿ ಸರಿಮಾಡಿಕೊಂಡು ನಿಮ್ಮಮ್ಮ ವಿಡಿಯೋದಲ್ಲಿ ನಗುತ್ತಿದ್ದದ್ದು, ಕೊನೆಯ ವಾರ ನೀನು ಫೋನನ್ನು ಅವರ ಕಿವಿಗೆ ಹಿಡಿದದ್ದು. ನಿನಗೆ ಗೊತ್ತಿರುವುದನ್ನು ಬರೆದು ನೋಯಿಸುವುದಿಲ್ಲ. ನನಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ನಿಮ್ಮೂರಿನಿಂದ ಹೊರಡುವಾಗ ಹರಿಣಿ ‘ಹೋಗಿ ಬರ್ತೀನಿ’ ಅಂದು, ಅದರ ಅರ್ಥವನ್ನೂ ನಿಮ್ಮಮ್ಮನಿಗೆ ಹೇಳಿದ್ದಳಂತೆ. ಹೋದದ್ದಾಯ್ತು, ಬರೋದು ಯಾವಾಗ ಅಂತ ಅವರು ಪ್ರತಿ ವರ್ಷ ಕೇಳುತ್ತಿದ್ದರಂತೆ. ಕೊರೋನಾ ಬಂತು, ಪರೀಕ್ಷೆ ಬಂತು, ಕೆಲಸ ಬಂತು. ಈ ಡಿಸೆಂಬರಿಗೆ ಬರ್ತೀನಿ ಅಂದಿದ್ದಳಂತೆ.

‘ಮಾತು ಕೊಟ್ಟು ಹೋಗಲಿಲ್ಲ ಅಮ್ಮಾ ನಾನು,’ ಅಂದವಳೇ ಕುಸಿದು ಅತ್ತಳು. ಅಳುತ್ತ ಅಳುತ್ತ ಮಾತು ನಿಮ್ಮ ಭಾಷೆಗೆ ತಿರುಗಿತು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಉಣ್ಣೆಯ ಮೇಲೆಯೇ ಬೆನ್ನು ಸವರುತ್ತ ಕೂತೆ. ಎಷ್ಟೋ ಹೊತ್ತಾದಮೇಲೆ ಕಲಸಿ ಕೊಟ್ಟೆ, ತಿಂದಳು. ‘ಉಪ್ಪು ಕಮ್ಮಿ’ ಅಂದಳು. ಅಷ್ಟು ಅಂದಳಲ್ಲ ಅಂತ ಸಮಾಧಾನವಾಯಿತು.

ಸಂಜೆ ಹೊರಟೆ. ಬಾಗಿಲವರೆಗೆ ಬಂದಳು. ಚಪ್ಪಲಿ ಮೆಟ್ಟಿಕೊಂಡೆ. ಬಾಯಿಗೆ ಬಂದೇಬಿಟ್ಟಿತ್ತು, ಹುಟ್ಟಿದಾಗಿನಿಂದ ಆಡಿದ ಮಾತು. ನುಂಗಿಕೊಂಡೆ. ತಿರುಗಿ ನೋಡದೆ ಲಿಫ್ಟಿನ ಕಡೆ ನಡೆದೆ. ಹಿಂದಿನಿಂದ ‘ಅಮ್ಮಾ’ ಅಂದಳು. ನಾನು ಯಾಕೆ ಅನ್ನಲಿಲ್ಲ ಅಂತ ಅವಳಿಗೆ ತಿಳಿಯಿತು. ಅವಳ ಮನೆಯನ್ನು ಸಾವಾದ ಮನೆ ಅಂತ ಒಪ್ಪಿಕೊಂಡು ಎದ್ದು ಬಂದೆ, ಇನೆಸ್. ಬದುಕಿರುವ ತಾಯಿ ನಾನು, ನನ್ನ ಮಗಳಿಗೆ ತಾಯಿ ಸತ್ತ ದುಃಖ ಕೇಳಿ ಬಂದೆ.

ಈಗ ನಿನ್ನ ಸರದಿ. ಅಷ್ಟು ದೂರಕ್ಕೆ ಕ್ಯಾರಿಯರ್ ತರಲಾರೆ, ಪಕ್ಕದಲ್ಲಿ ಕೂರಲಾರೆ. ಹೇಗಾಯ್ತು ಮಗಳೇ ಅಂತ ಇಲ್ಲಿಂದಲೇ ಕೇಳುತ್ತಿದ್ದೇನೆ. ಮಾರ್ತಾ ಅವರನ್ನು ನಾನು ನೋಡಲೇ ಇಲ್ಲ. ಅವರು ಬೆಳೆಸಿದ ನಿನ್ನನ್ನು ನೋಡಿದ್ದೇನೆ, ಅವರು ಹೇಗಿದ್ದರು ಅಂತ ಗೊತ್ತು. ಹೊತ್ತಿಗೆ ಉಣ್ಣು, ತಲೆಗೆ ಎಣ್ಣೆ ಹಚ್ಚಿಕೋ, ಒಬ್ಬಳೇ ಕೂತು ಅಳಬೇಡ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಹೋಗಿ ಬರ್ತೀನಿ ಅಂತ ಈ ಕಾಗದದಲ್ಲೂ ಬರೆಯುವುದಿಲ್ಲ.

ಅಮ್ಮ ಅಂತ ಬರೆದುಕೊಳ್ಳಲು ಈಗ ಅಳುಕು, ಆದರೂ ಬರೆಯುತ್ತೇನೆ,
ನಿನ್ನ ಅಮ್ಮ,
ಕಮಲಾಕ್ಷಿ

ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು:

ಗೌರಿ ಹಬ್ಬದ ದಿನ ಅವಳೂ ಏನೋ ಅಂದಳು ಅಂತ ಮೇಲೆ ತೇಲಿಸಿ ಬರೆದೆ. ‘ನಾನು ಸತ್ತರೂ ಹೀಗೇ ಅಳ್ತೀಯೇನೇ?’ ಅಂತ ಕೇಳಿದ್ದೆ. ಅವಳು ಬ್ಯಾಗಿನ ಜಿಪ್ಪು ಎಳೆಯುತ್ತ, ತಲೆ ಎತ್ತದೆ, ‘ನಿನಗೆ ಅಳೋಕೆ ಇನೆಸ್ ಇದ್ದಾಳಲ್ಲಮ್ಮಾ’ ಅಂದಳು. ಇದರಲ್ಲಿ ನಿನ್ನ ತಪ್ಪು ಎಳ್ಳಷ್ಟೂ ಇಲ್ಲ.

ಅವಳು ಹೊರಟಾಗ ಬರ್ತೀನಿ ಅನ್ನಲಿಲ್ಲ, ನಾನು ಹೊರಟಾಗಲೂ ಅನ್ನಲಿಲ್ಲ. ನನ್ನದು ಶಾಸ್ತ್ರಕ್ಕೆ. ಅವಳದು ಯಾತಕ್ಕೆ ಅಂತ ಕೇಳುವ ಧೈರ್ಯ ನನಗಿಲ್ಲ. ಮಧುರವಾಡದಿಂದ ಬಂದಮೇಲೂ ಫೋನಿನಲ್ಲಿ ಊಟ ಆಯ್ತಾ, ಆಯ್ತು, ಅಷ್ಟೇ. ದೀಪಾವಳಿಗೆ ಬಾ ಅಂತ ಕರೆಯುವ ಹಾಗೂ ಇಲ್ಲ, ಅವಳಿಗೆ ಹಬ್ಬವಿಲ್ಲ.

ಒಂದು ಉಪಕಾರ ಮಾಡು. ಇದಕ್ಕೆ ಉತ್ತರವನ್ನು ಭವಾನಿಪುರಂಗೆ ಹಾಕಬೇಡ. ಲಕೋಟೆಯ ಮೇಲೆ ಹರಿಣಿಯ ಹೆಸರು, ಮಧುರವಾಡದ ವಿಳಾಸ ಬರೆ. ಒಳಗೆ ನಿಮ್ಮಮ್ಮನ ವಿಷಯ ಬರೆ, ಹರಿಣಿಯನ್ನು ಅವರು ಏನಂತ ನೆನೆಸಿಕೊಳ್ಳುತ್ತಿದ್ದರು, ಎಲ್ಲವನ್ನೂ ಬರೆ. ಕನ್ನಡದಲ್ಲೇ ಬರೆ. ಅವಳಿಗೆ ಓದಲು ಬರುವುದಿಲ್ಲ. ಫೋನಿಗೆ ತೋರಿಸಿದರೆ ಅದೇ ಓದಿ ಹೇಳುತ್ತದಂತೆ, ಆದರೆ ನಿನ್ನ ಅಕ್ಷರ ಯಾವ ಫೋನಿಗೂ ದಕ್ಕುವಂಥದ್ದಲ್ಲ. ಅವಳು ಫೋಟೋ ತೆಗೆದು ನನಗೆ ಕಳಿಸಿದರೆ ಕಣ್ಣಿಗೆ ಕಾಣಿಸುತ್ತಿಲ್ಲ ಅಂದುಬಿಡುತ್ತೇನೆ. ಓದಿಸಿಕೊಳ್ಳುವುದಕ್ಕಾದರೂ ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಬರುತ್ತಾಳೆ.

ಅಕ್ಷರ ತಿದ್ದಿಕೋ ಅಂತ ಅಷ್ಟು ಬೈಯುತ್ತಿದ್ದೆನಲ್ಲ, ತಿದ್ದಿಕೊಳ್ಳಬೇಡ, ಮಗಳೇ. ಎಂದಿನ ಹಾಗೇ ಸೊಟ್ಟಗೆ ಬರೆ.