ಪ್ರಾಗಿನ ಗಂಟೆ ನೋಡಿ ಬಾ

ನ್ಯೂಟೌನ್, ಭದ್ರಾವತಿ
15 ಜೂನ್ 2025, ಭಾನುವಾರ ಮಧ್ಯಾಹ್ನ

ಪ್ರೀತಿಯ ಕರಿಬಸಮ್ಮನಿಗೆ,

ಹೇಗಿದ್ದೀಯ? ವಿಮಾನದಲ್ಲಿ ಕೂತು ಊದಿದ ಕಾಲು ಇಳಿಯಿತೇ? ಪ್ರಾಗಿನ ಬ್ರೆಡ್ಡು ಸೇರದಿದ್ದರೆ ಚಟ್ನಿಪುಡಿ ಚೀಲದ ಅಡಿಯಲ್ಲಿದೆ, ಸಂಘಮಿತ್ರಾ ಇಟ್ಟಿದ್ದಾಳೆ. ಈ ಕಾಗದವನ್ನೂ ನಿನ್ನ ಮಗಳೇ ಬರೆಯುತ್ತಿದ್ದಾಳೆ, ನಾನು ಹೇಳುತ್ತಿದ್ದೇನೆ. ಮುಗಿದ ಮೇಲೆ ಫೋಟೋ ತೆಗೆದು ನಿನ್ನ ಮೊಬೈಲಿಗೆ ಕಳಿಸುತ್ತಾಳಂತೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಸಿಡುಕುತ್ತೇನೆ, ಹೇಳಬೇಕಾದ್ದು ಉಳಿದೇ ಹೋಗುತ್ತದೆ.

ನನ್ನದೇನು ಹೇಳಲಿ. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಬಲಗಣ್ಣಿನ ಕಳಚಿದ ಪರದೆ ಅಂಟಿಕೊಳ್ಳಲೆಂದು ಒಳಗೆ ಗ್ಯಾಸ್ ತುಂಬಿ ಕಳಿಸಿದಾಗಿನಿಂದ, ಡಾಕ್ಟರು ಹೇಳಿದಂತೆ ಬೋರಲು ಮಲಗಿಯೇ ಇದ್ದೇನೆ. ಅದು ಕರಗುವವರೆಗೆ ವಿಮಾನ ಹತ್ತುವಂತಿಲ್ಲ ಎಂದದ್ದರಿಂದ ತಾನೇ ನಿನ್ನೊಬ್ಬಳನ್ನೇ ಟೂರಿಗೆ ಅಟ್ಟಿದ್ದು. ಚಿಕ್ಕಂದಿನಲ್ಲಿ ಚಿನ್ನಿದಾಂಡು ಬಡಿದ ಎಡಗಣ್ಣಿಗೆ ಮೊದಲಿನಿಂದಲೂ ಬರೀ ಬೆಳಕು, ಕತ್ತಲೆ. ಸಾಕಾಗಿದೆ ಮಾರಾಯ್ತಿ. ಕತ್ತು ಹಿಡಿದುಕೊಂಡಿದೆ, ದಿಂಬಿನ ವಾಸನೆಗೇ ಸಿಟ್ಟು ಬರುತ್ತದೆ. ನಿದ್ದೆ ಬಂದರೆ ಬೇಜಾರು, ಬಾರದಿದ್ದರೆ ಇನ್ನೂ ಬೇಜಾರು.

ನಿಮ್ಮ ಟೂರಿನಲ್ಲೇ ಇರುವ ಹೊಸಮನೆಯ ಶಾಂತಮ್ಮ ನಿನ್ನೆ ಫೋನ್ ಮಾಡಿದ್ದರು. "ಅಣ್ಣಾ, ಅವ್ರು ಎಲ್ಲೂ ಇಳಿಯಲ್ಲ ಅಂತಾರೆ, ಬಸ್ಸಲ್ಲೇ ಕೂತಿರ್ತಾರೆ" ಎಂದರು. ಚಪ್ಪಲಿಯ ಕಥೆಯನ್ನೂ ಹೇಳಿದರು. ಮೊದಲ ದಿನ ದೊಡ್ಡ ಚರ್ಚಿನ ಬಾಗಿಲಲ್ಲಿ ನೀನು, ನಮ್ಮ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋದಂತೆ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದೆಯಂತೆ. ಯಾರೋ ಬಿಟ್ಟು ಹೋದ ಸಾಮಾನೆಂದು ಕಾವಲಿನವನು ಎತ್ತಿಕೊಂಡು ಹೋದನಂತೆ. ಹುಡುಕಿ ತಂದ ಮೇಲೆ ಬಸ್ಸಿನವರೆಲ್ಲ ನಕ್ಕರಂತೆ. (ಸಂಘಮಿತ್ರಾಳೂ ಈಗ ನಗುತ್ತಿದ್ದಾಳೆ.) ನಗಲಿ ಬಿಡು. ದೇವರ ಮನೆ ಯಾರದಾದರೇನು, ಚಪ್ಪಲಿ ಬಿಟ್ಟದ್ದು ತಪ್ಪಲ್ಲ. ಆದರೆ ನೀನು ಬಸ್ಸಿನಲ್ಲಿ ಕೂತಿರುವುದು ಆ ನಾಚಿಕೆಗಲ್ಲ. ನಾನಿಲ್ಲದೆ ನೋಡುವುದು ಬೇಡವೆಂದು ಕೂತಿದ್ದೀಯ, ನನಗೆ ಗೊತ್ತು.

ಆ ಊರಿನ ಬಗ್ಗೆ ಓದಿ ಓದಿ ನಿನ್ನ ತಲೆ ತಿಂದವನು ನಾನು. ಈಗ ನನ್ನ ಪರವಾಗಿ ನೀನು ನೋಡಬೇಕು. ಚಾರ್ಲ್ಸ್ ಸೇತುವೆಗೆ ಜನ ಸೇರುವ ಮೊದಲೇ ಹೋಗು, ಎರಡೂ ಬದಿಗೆ ವಿಗ್ರಹಗಳ ಸಾಲಿದೆ. ಹಳೇ ಪೇಟೆಯ ಗಡಿಯಾರದ ಕೆಳಗೆ ಗಂಟೆ ಹೊಡೆಯುವ ಹೊತ್ತಿಗೆ ನಿಲ್ಲು, ಅದರ ಕಿಟಕಿಯಲ್ಲಿ ಸಂತರ ಬೊಂಬೆಗಳು ಒಂದೊಂದಾಗಿ ಮುಖ ತೋರಿಸಿ ಹೋಗುತ್ತವೆ. ಕೊನೆಗೆ ಅದೇ ದೊಡ್ಡ ಚರ್ಚಿನ ಗೋಪುರ, ನಿಧಾನವಾಗಿ ಕೂತು ಕೂತು ಹತ್ತು. ಅಲ್ಲಿ ಸಿಗ್ಮಂಡ್ ಎಂಬ ಭಾರಿ ಕಂಚಿನ ಗಂಟೆಯಿದೆ, ನೂರಾರು ವರ್ಷ ಹಳೆಯದು. ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಎರಕ ಹೊಯ್ದ ನನಗೆ ಅದೊಂದನ್ನು ನೋಡುವ ಆಸೆ. ಅಂಚು ಎಷ್ಟು ದಪ್ಪ, ಮೈ ನುಣುಪೋ ತರಿಯೋ, ನೋಡು. ಎಲ್ಲದರ ಫೋಟೋ ತೆಗೆ, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಟಿವಿಗೆ ಹಾಕಿಕೊಂಡು ಒಂದೊಂದಾಗಿ ನೋಡುತ್ತೇನೆ. ನೀನೋ, ಒಂದು ಮದುವೆಗೆ ಹೋಗಿ ಬಂದರೆ ಯಾರ ಸೀರೆಗೆ ಯಾವ ಅಂಚು, ಯಾರು ಮುನಿದು ಊಟ ಬಿಟ್ಟರು ಎಂದು ವಾರವೆಲ್ಲ ಹೇಳುವವಳು. ಫೋಟೋ ಇದ್ದರೆ ಅಷ್ಟು ಕೇಳುವ ಕಷ್ಟ ನನಗೆ ತಪ್ಪುತ್ತದೆ.

ಶಾಂತಮ್ಮನವರಿಗೂ ಅವರ ಯಜಮಾನರು ಭೈರಪ್ಪನವರಿಗೂ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ದಾರಿ ಕಾಯುತ್ತಿರುವ,
ಮಂಜಪ್ಪ

ತಾ.ಕ.: ಸಂಘಮಿತ್ರಾ ಕಾಫಿ ಮಾಡಲು ಹೋಗಿದ್ದಾಳೆ. ಇದನ್ನು ನಾನೇ ತಡವಿಕೊಂಡು ಬರೆಯುತ್ತಿದ್ದೇನೆ, ಸಾಲು ಸೊಟ್ಟಗಿದ್ದೀತು. ಮೊನ್ನೆ ಡಾಕ್ಟರು ಅವಳನ್ನು ಬಾಗಿಲಾಚೆ ಕರೆದು ಹೇಳಿದ್ದು ನನಗೂ ಕೇಳಿಸಿತು. ಈ ಕಣ್ಣೂ ಬರುವುದಿಲ್ಲ. ಅವಳು ಏನೂ ಆಗದವಳಂತೆ ಓಡಾಡುತ್ತಿದ್ದಾಳೆ, ಅದಕ್ಕೇ ನಾನೂ ಗೊತ್ತಿಲ್ಲದವನಂತೆ ಟಿವಿಯ ಮಾತು ಬರೆಸಿದೆ. ಕಾಗದದ ಫೋಟೋ ತೆಗೆಯುವಾಗ ಇದನ್ನು ಓದುತ್ತಾಳೆ. ಓದಲಿ, ಬಾಯಿಬಿಟ್ಟು ಹೇಳುವ ಕಷ್ಟ ಅವಳಿಗೆ ತಪ್ಪಲಿ. ಭಯವಾಗುತ್ತಿದೆ ಕರಿಬಸಮ್ಮ. ಆದರೂ ಟೂರು ಬಿಟ್ಟು ಓಡಿ ಬರಬೇಡ. ಫೋಟೋ ಬೇಡ. ಗಂಟೆಯ ಹತ್ತಿರ ಹೋಗಿ ಚೆನ್ನಾಗಿ ನೋಡು. ಬಂದ ಮೇಲೆ ವಾರವೆಲ್ಲ ಹೇಳು.